ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ನಿಜವಾಗಿ ಎಷ್ಟು ಹೊತ್ತು?

ಫ್ರಾಂಕ್‌ಫರ್ಟ್‌ನಲ್ಲಿ ಕೆಲಸಕ್ಕಿದ್ದಾಗ ಮೊದಲ ಸಲ ಲಿಸ್ಬನ್‌ಗೆ ಹೊರಟ ನಾನು, ಟಿಕೆಟ್ಟಿನಲ್ಲಿ ಬೆಳಿಗ್ಗೆ 9.10ಕ್ಕೆ ಹೊರಟು 11.15ಕ್ಕೆ ತಲುಪುವುದೆಂದು ಇದ್ದುದನ್ನು ನೋಡಿ, ಎರಡು ಗಂಟೆಯ ಹಾದಿ ಎಂದುಕೊಂಡೆ. ಆ ಧೈರ್ಯದಲ್ಲಿ 11.30ಕ್ಕೆ ಕಚೇರಿಯವರೊಡನೆ ಫೋನಿನಲ್ಲಿ ಮಾತನಾಡಲು ಒಪ್ಪಿಕೊಂಡೂ ಬಿಟ್ಟೆ. ಅವರು ಕಾದು ಕುಳಿತಿದ್ದಾಗ ನಾನಿನ್ನೂ ಸ್ಪೇನಿನ ಮೇಲೆ ಹಾರುತ್ತಿದ್ದೆ. ಪೋರ್ಚುಗಲ್‌ನ ಗಡಿಯಾರ ಜರ್ಮನಿಯದಕ್ಕಿಂತ ಒಂದು ಗಂಟೆ ಹಿಂದಿರುತ್ತದೆ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ; ಟಿಕೆಟ್ ನೋಡುವಾಗ ಹೊಳೆಯಲಿಲ್ಲ, ಅಷ್ಟೆ. (1992ರಿಂದ 1996ರವರೆಗೆ ಪೋರ್ಚುಗಲ್ ಕೂಡ ಮಧ್ಯ ಯೂರೋಪಿನ ಸಮಯವನ್ನೇ ಅನುಸರಿಸುತ್ತಿತ್ತು, ಆಗ ಹೋಗಿದ್ದರೆ ಈ ಪೇಚು ಇರುತ್ತಿರಲಿಲ್ಲ.)

ಮರಳುವ ಟಿಕೆಟ್ಟಿನಲ್ಲಿ ಸಂಜೆ 6ಕ್ಕೆ ಹೊರಟು ರಾತ್ರಿ 9.55ಕ್ಕೆ ತಲುಪುವುದೆಂದಿತ್ತು. ಅಂದರೆ ಹೋಗಲು ಎರಡು ಗಂಟೆ ಐದು ನಿಮಿಷ, ಬರಲು ನಾಲ್ಕಕ್ಕೆ ಐದು ನಿಮಿಷ ಕಡಿಮೆ. ಇವೆರಡನ್ನೂ ಕೂಡಿಸಿ ಅರ್ಧ ಮಾಡಿದರೆ ಗಡಿಯಾರಗಳ ವ್ಯತ್ಯಾಸ ತಾನಾಗಿಯೇ ಕಳೆದುಹೋಗಿ, ಸರಿಯಾಗಿ ಮೂರು ಗಂಟೆ ಉಳಿಯುತ್ತದೆ. ಅಂದಿನಿಂದ ಯಾವ ಊರಿಗೆ ಹೊರಟರೂ ನಾನು ಮೊದಲು ಮಾಡುವ ಲೆಕ್ಕ ಇದೇ.

ಮೂರು ಗಂಟೆ ಏಕೆ ಬೇಕು ಎಂದು ತಿಳಿಯಲು ಕಾಗದದ ಮೇಲೆ ದೂರವನ್ನೂ ಲೆಕ್ಕ ಹಾಕಿದೆ. ಎರಡು ವಿಮಾನನಿಲ್ದಾಣಗಳ ನಡುವೆ ಅಕ್ಷಾಂಶದ ಅಂತರ ಸುಮಾರು 11.26 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ನಂತೆ ದಕ್ಷಿಣಕ್ಕೆ 1,250 ಕಿ.ಮೀ. ರೇಖಾಂಶದ ಅಂತರ 17.7 ಡಿಗ್ರಿ, ಆದರೆ ಧ್ರುವದ ಕಡೆಗೆ ಹೋದಂತೆಲ್ಲ ರೇಖಾಂಶಗಳು ಒತ್ತಾಗುವುದರಿಂದ ಈ ಪ್ರದೇಶದಲ್ಲಿ ಡಿಗ್ರಿಗೆ 79 ಕಿ.ಮೀ. ಚಿಲ್ಲರೆ ಮಾತ್ರ, ಹಾಗಾಗಿ ಪಶ್ಚಿಮಕ್ಕೆ 1,400 ಕಿ.ಮೀ. ಪೈಥಾಗೊರಸನ ಸೂತ್ರಕ್ಕೆ ಹಾಕಿದಾಗ 1,880 ಕಿ.ಮೀ. ಬಂದಿತು. ಗೋಳದ ಸೂತ್ರದಿಂದ ಬರುವುದು ಸುಮಾರು 1,870. ಶಾಲೆಯ ಗಣಿತಕ್ಕೆ ಇಷ್ಟು ನಿಖರತೆ ಧಾರಾಳವಾಯಿತು. ನಮ್ಮವರಿಗೆ ಅಂದಾಜಾಗಬೇಕೆಂದರೆ ಬೆಂಗಳೂರು–ದೆಹಲಿಗಿಂತ ತುಸು ಹೆಚ್ಚು.

ಗಂಟೆಗೆ 830 ಕಿ.ಮೀ. ವೇಗದಲ್ಲಿ ಇದು ಎರಡೂಕಾಲು ಗಂಟೆಯ ಹಾದಿ. ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಗುತ್ತದೆಂದು ಎರಡನೆಯ ಪ್ರಯಾಣದಲ್ಲಿ, ಕೈಗಡಿಯಾರವನ್ನು ಜರ್ಮನಿಯ ಸಮಯದಲ್ಲೇ ಬಿಟ್ಟು, ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆ. ವಿಮಾನ ಗೇಟಿನಿಂದ ಹಿಂದೆ ಸರಿದದ್ದು 9.14ಕ್ಕೆ, ಚಕ್ರ ನೆಲ ಬಿಟ್ಟದ್ದು 9.31ಕ್ಕೆ, ಲಿಸ್ಬನ್‌ನ ನೆಲ ಮುಟ್ಟಿದ್ದು 12.05ಕ್ಕೆ, ನಿಂತದ್ದು 12.13ಕ್ಕೆ. ನೆಲದ ಮೇಲೆಯೇ 25 ನಿಮಿಷ ಕಳೆದಿತ್ತು. ಗಾಳಿಯಲ್ಲಿದ್ದ ಎರಡು ಗಂಟೆ 34 ನಿಮಿಷಕ್ಕೆ ಹಂಚಿದರೆ ಸರಾಸರಿ ವೇಗ 730 ಕಿ.ಮೀ. ಮಾತ್ರ, ಏಕೆಂದರೆ ಮೇಲೇರುವಾಗಲೂ ಇಳಿಯುವಾಗಲೂ ವಿಮಾನಕ್ಕೆ ಆ ಓಟವಿರುವುದಿಲ್ಲ, ಹಾದಿಯೂ ಗೆರೆ ಎಳೆದಂತೆ ನೇರವಾಗಿರುವುದಿಲ್ಲ. ಜೊತೆಗೆ ಆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಎದುರಾದದ್ದೇ ಬರುವಾಗ ಬೆನ್ನಿಗೆ ನಿಂತು, ಗಾಳಿಯಲ್ಲಿದ್ದ ಹೊತ್ತು ಎರಡು ಗಂಟೆ 22 ನಿಮಿಷಕ್ಕೆ ಇಳಿಯಿತು.

ಎರಡೂ ದೇಶಗಳು ಷೆಂಗೆನ್ ವಲಯದಲ್ಲಿರುವುದರಿಂದ ಲಿಸ್ಬನ್‌ನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲಿಲ್ಲ, ಮೆಟ್ರೊದ ಕೆಂಪು ಮಾರ್ಗ ವಿಮಾನನಿಲ್ದಾಣದಿಂದಲೇ ಹೊರಡುತ್ತದೆ. ಅದೇ ಬೆಳಗಿನ ವಿಮಾನವಾದರೆ ಈಗ ಕಚೇರಿಯವರಿಗೆ ಮಧ್ಯಾಹ್ನ 1.30ರ ಸಮಯ ಕೊಡುತ್ತೇನೆ, ಜರ್ಮನಿಯ ಗಡಿಯಾರದಲ್ಲಿ ಎಂದು ಸ್ಪಷ್ಟವಾಗಿ ಬರೆದು.