ನಾಲ್ಕು ಬಟ್ಟಲು, ನಾಲ್ಕು ಮೂಲೆ

ಹೊಸ ನಾಯಿ ಬರುವ ಹಿಂದಿನ ದಿನ ನಾನು ಮೊದಲು ಮಾಡುವ ಕೆಲಸ ಗ್ರಿಲ್ಲಿನ ಸಂದು ಅಳೆಯುವುದು. ಮುಂಬೈ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಸರಳಿನಿಂದ ಸರಳಿಗೆ ಮೂರೂವರೆ, ನಾಲ್ಕು ಇಂಚು ಬಿಟ್ಟಿರುವುದುಂಟು. ಮೂರು ಕೆಜಿಯ ಪೊಮೆರೇನಿಯನ್‌ ತಲೆ ಅದರಲ್ಲಿ ಸಲೀಸಾಗಿ ತೂರುತ್ತದೆ, ತಲೆ ತೂರಿದರೆ ಮೈಯೂ ತೂರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಅರ್ಧ ಇಂಚು ಕಣ್ಣಿನ ಪ್ಲಾಸ್ಟಿಕ್ ಜಾಲರಿಯನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟುತ್ತೇನೆ, ಅರ್ಧ ಅಡಿಗೊಂದು ಕೇಬಲ್ ಟೈ. ಟೈಯ ಗಂಟು ಹೊರಗಡೆಗೆ ಬರಬೇಕು, ಒಳಗಿದ್ದರೆ ಎರಡೇ ದಿನದಲ್ಲಿ ಕಡಿದು ಹಾಕುತ್ತವೆ. ಬಿಸಿಲಿಗೆ ಈ ಜಾಲರಿ ಪೆಡಸಾಗಿ ಮುರಿಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬದಲಿಸುವುದು. ಕೋಣೆಯ ಬಾಗಿಲಿಗೆ ಹಾಕುವ ಮಕ್ಕಳ ಗೇಟಿಗೂ ಇದೇ ಜಾಲರಿ, ಏಕೆಂದರೆ ಅದರ ಸಂದು ಕೂಡ ಕೂಸಿನ ಅಳತೆಗೆ ಮಾಡಿದ್ದು.

ಮುಲುಂಡಿನ ಈ ಎರಡು ಬೆಡ್‌ರೂಮಿನ ಮನೆಯಲ್ಲಿ ಈಗ ನಾಲ್ಕಿವೆ. 3.2 ಕೆಜಿಯ ಮುದಿ ಪೊಮೆರೇನಿಯನ್ ಚುರುಮುರಿ, 5 ಕೆಜಿಯ ಶಿಹ್ ತ್ಸು ಬೆಲ್ಲ, 7 ಕೆಜಿಯ ಡ್ಯಾಕ್ಸ್‌ಹುಂಡ್ ಸೌತೆ, ಬೀದಿಯಿಂದ ಬಂದ 8 ಕೆಜಿಯ ಮಿಶ್ರ ತಳಿಯ ಕಾಳು. ಯಾರೋ ಸಾಕಿ ಕೈಬಿಟ್ಟವು, ಮರಿ ಮಾಡಿಸುವವರ ಪಂಜರದಲ್ಲಿ ವರ್ಷಗಟ್ಟಲೆ ಇದ್ದವು. ಇಂಥವು ಒಟ್ಟಿಗೆ ಬಾಳಬೇಕಾದರೆ ಮೊದಲು ಬೇರೆ ಬೇರೆ ಇಡಬೇಕು. ನಾನು ಮಾಡುವ ಮಿಕ್ಕ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲ ಹದಿನಾಲ್ಕು ದಿನ ಹೊಸ ನಾಯಿಗೆ ಒಂದು ಕೋಣೆ, ಅದರದೇ ಬಟ್ಟಲು, ಅದರದೇ ಹಾಸಿಗೆ, ಅದರದೇ ಟವೆಲ್. ಹಳೆಯವುಗಳ ಕೆಲಸ ಮುಗಿಸಿಯೇ ಅಲ್ಲಿಗೆ ಹೋಗುವುದು, ಬಂದ ಮೇಲೆ ಸೋಪಿನಿಂದ ಕೈ ತೊಳೆಯುವುದು. ಪಾರ್ವೊ ಎಂಬ ವಾಂತಿಭೇದಿಯ ವೈರಸ್, ಕೆನಲ್ ಕೆಮ್ಮು ಎಂಬ ಅಂಟುಕೆಮ್ಮು, ಹೊಟ್ಟೆಹುಳ, ಉಣ್ಣೆ, ಇವುಗಳಲ್ಲಿ ಯಾವುದನ್ನು ಹೊತ್ತು ತಂದಿದ್ದರೂ ಬಹುಮಟ್ಟಿಗೆ ಈ ಅವಧಿಯಲ್ಲಿ ತೋರಿಬಿಡುತ್ತದೆ. ಬಂದ ದಿನ ಸ್ನಾನ ಮಾಡಿಸುವುದಿಲ್ಲ. ಶಿಹ್ ತ್ಸು ತರಹದ ನಾಯಿಯ ಕೂದಲು ಜಡೆಗಟ್ಟಿದ್ದರಂತೂ ನೀರು ಸೋಕಿಸಲೇಬಾರದು. ಒದ್ದೆಯಾದ ಜಡೆ ಒಣಗುತ್ತಾ ಇನ್ನಷ್ಟು ಬಿಗಿದು ಚರ್ಮವನ್ನು ಎಳೆಯುತ್ತದೆ, ಅಡಿಯಲ್ಲಿ ಹುಣ್ಣಾಗುತ್ತದೆ. ಒಣಗಿದ್ದಾಗಲೇ ಮೆಷಿನ್ನಿನಿಂದ ಬೋಳಿಸಿ ಆಮೇಲೆ ಸ್ನಾನ. ಜಡೆ ಬಿಡಿಸುವಾಗ ಮುಂಗಾಲಿನ ಒಳಬದಿಯ ಐದನೇ ಉಗುರನ್ನು ಹುಡುಕಿ ನೋಡಿ. ಅದು ನೆಲಕ್ಕೆ ತಾಗದ್ದರಿಂದ ಸವೆಯುವುದಿಲ್ಲ. ನೋಡಿಕೊಳ್ಳುವವರಿಲ್ಲದ ನಾಯಿಗಳಲ್ಲಿ ಉಂಗುರದಂತೆ ಸುತ್ತಿ ಮಾಂಸದೊಳಗೆ ಹೊಕ್ಕಿರುತ್ತದೆ. ಕುಂಟುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಊಟದ ವಿಷಯದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದೆ ನನ್ನ ದಿನ ಶುರುವಾಗುವುದಿಲ್ಲ. ನಾಲ್ಕು ಕೆಜಿ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಸಂತಾನಹರಣದ ಆಪರೇಷನ್ ಆದ, ಮನೆಯೊಳಗೇ ಇರುವ ನಾಯಿಗೆ ಅದರ ಒಂದೂಕಾಲು, ಒಂದೂವರೆ ಪಟ್ಟು. ಒಣ ಆಹಾರದ 100 ಗ್ರಾಮಿನಲ್ಲಿ ಸಾಮಾನ್ಯವಾಗಿ 350ರ ಆಸುಪಾಸು ಇರುತ್ತದೆ, ಅಂದರೆ ದಿನಕ್ಕೆ 75ರಿಂದ 80 ಗ್ರಾಂ, ಎರಡು ಹೊತ್ತಿಗೆ ಹಂಚಿ. ಒಂದು ಮಾರಿ ಬಿಸ್ಕತ್ತಿನಲ್ಲೇ ಸುಮಾರು 25 ಕ್ಯಾಲೊರಿ. ಮನೆಗೆ ಬಂದವರು ಪ್ರೀತಿಯಿಂದ ನಾಲ್ಕು ಬಿಸ್ಕತ್ತು ಹಾಕಿದರೆ ಅದು ಅರ್ಧ ಊಟಕ್ಕಿಂತ ಹೆಚ್ಚು. ಡ್ಯಾಕ್ಸ್‌ಹುಂಡ್ ದಪ್ಪಗಾದರೆ ಬೆನ್ನೆಲುಬಿನ ಡಿಸ್ಕ್ ಜಾರಿ ಹಿಂಗಾಲಿನ ಸ್ವಾಧೀನ ತಪ್ಪಬಹುದು. ಅದಕ್ಕೇ ಸೌತೆಯ ತೂಕವನ್ನು ತಿಂಗಳಿಗೆರಡು ಸಲ ನೋಡುತ್ತೇನೆ. ಎತ್ತಿಕೊಂಡು ಮನುಷ್ಯರ ತೂಕದ ಯಂತ್ರ ಹತ್ತಿ, ನನ್ನ ತೂಕ ಕಳೆದರೆ ಆಯಿತು. ಬಹಳ ದಿನ ಹಸಿದು ಎಲುಬು ಕಾಣುವಂತೆ ಬಂದ ನಾಯಿಗೆ ಈ ಲೆಕ್ಕ ನಡೆಯುವುದಿಲ್ಲ. ಮಲಗಿದ್ದಾಗ ಬೇಕಾಗುವ ಪ್ರಮಾಣದ ಕಾಲು ಭಾಗದಿಂದ ಶುರುಮಾಡಿ, ದಿನಕ್ಕೆ ನಾಲ್ಕರಿಂದ ಆರು ಸಲ ಚೂರುಚೂರು ಕೊಟ್ಟು, ಡಾಕ್ಟರ ಕಣ್ಗಾವಲಿನಲ್ಲಿ ಒಂದು ವಾರದಲ್ಲಿ ಏರಿಸಬೇಕು. ಕರುಣೆಯಿಂದ ಮೊದಲ ದಿನವೇ ಹೊಟ್ಟೆ ತುಂಬ ಹಾಕಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ.

ನಮ್ಮವರ ಮನೆಗಳಲ್ಲಿ ಒಂದು ಅಭ್ಯಾಸವಿದೆ, ಉಳಿದ ಸಾರನ್ನ ನಾಯಿಗೆ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದಿರುತ್ತದೆ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವಿದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದಕ್ಕೆ ಈ ಆಮ್ಲವೇ ಕಾರಣವಿರಬೇಕು ಎಂದು ಪಶುವೈದ್ಯರು 2021ರಿಂದ ಹೇಳುತ್ತಿದ್ದಾರೆ. ಐವತ್ತು ಕೆಜಿಯ ನಾಯಿ ತಡೆದುಕೊಂಡದ್ದನ್ನು ಮೂರು ಕೆಜಿಯದು ತಡೆದುಕೊಳ್ಳದು. ಒಣದ್ರಾಕ್ಷಿ ಹಾಕಿದ ಕೇಸರಿಬಾತಿನ ತಟ್ಟೆ ನೆಲದ ಮೇಲೆ ಇಡಬೇಡಿ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೇಯಿಸಿದ್ದು ಏನಾದರೂ ಕೊಡಬೇಕು ಅನಿಸಿದರೆ ಒಗ್ಗರಣೆಗೆ ಮುಂಚೆ ತೆಗೆದಿಟ್ಟ ಕುಂಬಳಕಾಯಿ, ಕ್ಯಾರೆಟ್, ಉಪ್ಪಿಲ್ಲದೆ ಬೇಯಿಸಿ ಮೂಳೆ ಬಿಡಿಸಿದ ಕೋಳಿ.

ಬಟ್ಟಲುಗಳ ಜಾಗ ನಿಗದಿ. ಚುರುಮುರಿ ಅಡುಗೆಮನೆಯ ಹೊಸ್ತಿಲ ಹತ್ತಿರ, ಸೌತೆ ಟೇಬಲ್ ಕೆಳಗೆ, ಕಾಳು ಬಾಲ್ಕನಿಯ ಕಡೆ ಮುಖ ಮಾಡಿ, ಬೆಲ್ಲ ಗೇಟಿನ ಆಚೆ. ಎಲ್ಲಕ್ಕೂ ಒಂದಕ್ಕೊಂದು ಬೆನ್ನು. ಹಾಕುವ ಕ್ರಮ ದಿನವೂ ಒಂದೇ, ಹದಿನೈದು ನಿಮಿಷಕ್ಕೆ ಬಟ್ಟಲು ಎತ್ತಿಬಿಡುವುದು. ಬಟ್ಟಲಿನ ಮೇಲೆ ತಲೆಯಿಟ್ಟ ನಾಯಿ ತಿನ್ನುವುದನ್ನು ನಿಲ್ಲಿಸಿ ಕಲ್ಲಿನಂತೆ ನಿಂತು, ತಲೆ ತಿರುಗಿಸದೆ ಕಣ್ಣಿನ ಬಿಳಿ ಮಾತ್ರ ಓರೆಯಾಗಿ ತೋರಿಸಿದರೆ ಯಾರೋ ಹತ್ತಿರ ಬಂದಿದ್ದಾರೆ ಎಂದರ್ಥ. ಗುರ್ ಅನ್ನುವುದು ಇದಾದ ಮೇಲಿನ ಮಾತು. ಗುರುಗುಟ್ಟಿದ್ದಕ್ಕೆ ಗದರಿಸಿದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ನಾನು ಮಾಡುವುದು ಇಷ್ಟೇ: ಬಟ್ಟಲುಗಳ ನಡುವೆ ಇನ್ನೂ ಎರಡಡಿ.

ಹದಿನೈದನೇ ದಿನದ ಪರಿಚಯ ಮನೆಯೊಳಗೆ ಅಲ್ಲ, ರಸ್ತೆಯಲ್ಲಿ. ಇಬ್ಬರು, ಎರಡು ನಾಯಿ, ನಡುವೆ ಐದಾರು ಮೀಟರ್ ಅಂತರ, ಒಂದೇ ದಿಕ್ಕಿಗೆ ಇಪ್ಪತ್ತು ನಿಮಿಷ ನಡಿಗೆ. ಎದುರುಬದುರು ನಿಲ್ಲಿಸಿ ‘ಹಲೋ ಹೇಳು’ ಅನ್ನುವುದು ಅತಿ ದೊಡ್ಡ ತಪ್ಪು. ಬೆಲ್ಟಿನಲ್ಲಿ ಬಿಗಿಹಿಡಿದ ನಾಯಿಗೆ ಪಕ್ಕಕ್ಕೆ ಸರಿಯುವ ದಾರಿಯೇ ಇರುವುದಿಲ್ಲ. ಮೂರು ನಾಲ್ಕು ದಿನ ಹೀಗೆ ನಡೆದ ಮೇಲೆ ಗೇಟಿನ ಜಾಲರಿಯ ಮೂಲಕ ಮೂಸುವುದು, ಆಮೇಲೆ ಆಟಿಕೆ, ಎಲುಬು ಎಲ್ಲ ಎತ್ತಿಟ್ಟು ಕೋಣೆಯಲ್ಲಿ ಹದಿನೈದು ನಿಮಿಷ. ಒಂದು ಸಲಕ್ಕೆ ಒಂದೇ ಹಳೆಯ ನಾಯಿ. ಜಗಳ ಹತ್ತಿದರೆ ಕೈ ಹಾಕಬೇಡಿ. ದಪ್ಪ ರಜಾಯಿ ಮೇಲೆ ಎಸೆಯಿರಿ, ಇಲ್ಲವೇ ನಡುವೆ ಒಂದು ಹಲಗೆ ತೂರಿಸಿ. ಶಿಹ್ ತ್ಸು, ಪಗ್‌ಗಳ ಕಣ್ಣಿನ ಗುಣಿ ಆಳವಿಲ್ಲ. ಕುತ್ತಿಗೆಯ ಚರ್ಮ ಹಿಡಿದೆಳೆದರೂ ಕಣ್ಣುಗುಡ್ಡೆ ಹೊರಬರಬಹುದು. ಹಾಗಾದರೆ ಒಳಗೆ ಒತ್ತಲು ಹೋಗದೆ ಸಲೈನಿನಲ್ಲಿ ತೋಯಿಸಿದ ಗಾಜ್ ಬಟ್ಟೆ ಮುಚ್ಚಿ, ಒಣಗದಂತೆ ನೋಡಿಕೊಂಡು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು. ನಡುವೆ ನಿಮಗೆ ಹಲ್ಲು ತಾಗಿದರೆ ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ.

ಭಾಷೆಯದೊಂದು ವಿಷಯ ಇಲ್ಲಿನ ಕನ್ನಡದ ಮನೆಗಳಿಗೆ ವಿಶೇಷ. ಬಂದ ನಾಯಿ ಹಿಂದಿ ಅಥವಾ ಮರಾಠಿ ಕೇಳಿ ಬೆಳೆದದ್ದು. ‘ಕೂತ್ಕೋ’ ಅಂದರೆ ಪಿಳಿಪಿಳಿ ನೋಡುತ್ತದೆ, ‘ಬೈಠ್’ ಅಂದರೆ ತಕ್ಷಣ ಕೂರುತ್ತದೆ. ಹೊಸ ಪದ ಮೊದಲು, ಒಂದು ಸೆಕೆಂಡ್ ಬಿಟ್ಟು ಹಳೆಯ ಪದ, ಕೂತ ಕೂಡಲೇ ಕೈಯಲ್ಲಿನ ಚೂರು. ಹೀಗೆ ಇಪ್ಪತ್ತು ಸಲ, ಎರಡು ಮೂರು ಹೊತ್ತಿಗೆ ಹಂಚಿ. ಆಮೇಲೆ ‘ಕೂತ್ಕೋ’ಗೇ ಕೂರಲು ಶುರುಮಾಡುತ್ತದೆ. ಎರಡನ್ನೂ ಒಟ್ಟಿಗೆ ಹೇಳಿದರೆ ಗೊತ್ತಿರುವ ಪದವೇ ಕಿವಿಗೆ ಬಿದ್ದು ಹೊಸದು ಮುಳುಗಿಹೋಗುತ್ತದೆ. ‘ಬಾ’ ಎಂಬ ಪದವನ್ನು ಸ್ನಾನಕ್ಕೆ, ಉಗುರು ಕತ್ತರಿಸಲು ಕರೆಯುವುದಕ್ಕೆ ಬಳಸಬೇಡಿ. ಅದು ರಸ್ತೆಯಲ್ಲಿ ಪ್ರಾಣ ಉಳಿಸುವ ಪದ, ಹಾಳಾಗಬಾರದು.

ಉಚ್ಚೆಯ ವಿಚಾರ. ಪುಟ್ಟ ನಾಯಿಯ ಮೂತ್ರಕೋಶವೂ ಪುಟ್ಟದು. ಎದ್ದ ಕೂಡಲೇ, ಉಂಡ ಇಪ್ಪತ್ತು ನಿಮಿಷಕ್ಕೆ, ಆಡಿದ ಮೇಲೆ, ಹಗಲು ಮೂರು ನಾಲ್ಕು ಗಂಟೆಗೊಮ್ಮೆ ಕರೆದೊಯ್ಯಬೇಕು. ಪಂಜರದಲ್ಲಿ ಬೆಳೆದದ್ದಕ್ಕೆ ಹುಲ್ಲು, ಮಣ್ಣು ಗೊತ್ತೇ ಇರುವುದಿಲ್ಲ. ತಂತಿ ಅಥವಾ ದಿನಪತ್ರಿಕೆ ಕಾಲಿಗೆ ಸಿಕ್ಕರಷ್ಟೇ ಬಿಡುತ್ತದೆ. ಹಾಗಾಗಿ ಬಾಲ್ಕನಿಯ ಟ್ರೇಯಲ್ಲಿ ಮೊದಲ ವಾರ ಪತ್ರಿಕೆ, ಎರಡನೇ ವಾರ ಕೃತಕ ಹುಲ್ಲಿನ ಮೇಲೆ ಪತ್ರಿಕೆ, ಆಮೇಲೆ ಪತ್ರಿಕೆಯನ್ನು ದಿನಕ್ಕಿಷ್ಟು ಹರಿದು ಕಮ್ಮಿ ಮಾಡುತ್ತಾ ಬರುವುದು. ಮನೆಯೊಳಗೆ ಆದದ್ದನ್ನು ಫಿನಾಯಿಲ್‌ನಿಂದ ಒರೆಸಬೇಡಿ. ಅಂಗಾಲಿಗೆ ಹತ್ತಿದ್ದನ್ನು ಅವು ನೆಕ್ಕುತ್ತವೆ. ಅಮೋನಿಯ ಇರುವ ಕ್ಲೀನರ್ ಮೂತ್ರದ ವಾಸನೆಯನ್ನೇ ಹೋಲುವುದರಿಂದ ಮತ್ತೆ ಅಲ್ಲಿಗೇ ಬರುತ್ತವೆ. ಮೂತ್ರದ ಅಂಶವನ್ನೇ ಒಡೆಯುವ ಎನ್‌ಜೈಮ್ ಕ್ಲೀನರ್ ಹಾಕಿ ಕಾಲು ಗಂಟೆ ಹಾಗೇ ಬಿಟ್ಟು ಒರೆಸಬೇಕು. ಹಾಕಿದ ತಕ್ಷಣ ಒರೆಸಿದರೆ ಅದು ಕೆಲಸವನ್ನೇ ಮಾಡಿರುವುದಿಲ್ಲ.

ಬೊಗಳುವುದು ಹೌಸಿಂಗ್ ಸೊಸೈಟಿಯಲ್ಲಿ ನಿಷ್ಠುರ ತರುವ ಸಂಗತಿ. ಒಂದು ಶುರುಮಾಡಿದರೆ ನಾಲ್ಕೂ ಹಿಡಿಯುತ್ತವೆ. ಸೇಫ್ಟಿ ಡೋರಿನ ಗ್ರಿಲ್ಲಿನಿಂದ ಮೆಟ್ಟಿಲಲ್ಲಿ ಓಡಾಡುವ ಕಾಲುಗಳು ಕಾಣುವುದೇ ಅರ್ಧ ಕಾರಣ, ಕೆಳಗಿನ ಎರಡಡಿಗೆ ರಟ್ಟು ಅಥವಾ ಫಿಲಂ ಅಂಟಿಸಿ ನೋಡಿ. ಮಿಕ್ಕದ್ದಕ್ಕೆ ಕಾಲಿಂಗ್ ಬೆಲ್ಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಸದ್ದಾದ ಕೂಡಲೇ ಅವರವರ ಹಾಸಿನ ಮೇಲೆ ಒಂದೊಂದು ಚೂರು. ಮೂರು ವಾರದಲ್ಲಿ ಸದ್ದು ಪೂರ್ತಿ ಏರಿಸಬಹುದು. ನಾಯಿ ಸಾಕುವುದನ್ನು ಸೊಸೈಟಿ ಬಹುಮತದಿಂದಲೂ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಪಾಲಿಕೆಯ ಲೈಸೆನ್ಸ್, ರೇಬೀಸ್ ಲಸಿಕೆಯ ಕಾರ್ಡು ಎರಡನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಹೊರಗೆ ಹೋಗುವಾಗ ಕೊರಳಪಟ್ಟಿಗೆ ನಂಬರಿನ ಬಿಲ್ಲೆ ಮಾತ್ರ, ಹಗ್ಗ ಎದೆಗೆ ತೊಡಿಸುವ ಹಾರ್ನೆಸ್‌ಗೆ. ಪೊಮೆರೇನಿಯನ್‌ಗಳ ಶ್ವಾಸನಾಳ ಮೆತ್ತಗಿರುತ್ತದೆ, ಕೊರಳು ಎಳೆದರೆ ಬಾತುಕೋಳಿಯಂತೆ ಕೆಮ್ಮುತ್ತವೆ. ಲಿಫ್ಟಿನಲ್ಲಿ ಪುಟ್ಟದನ್ನು ಎತ್ತಿಕೊಳ್ಳಿ. ನಾಯಿ ಹೊರಗೆ, ಹಗ್ಗ ಒಳಗೆ, ಬಾಗಿಲು ಮುಚ್ಚಿತು ಎಂಬ ಸ್ಥಿತಿ ಊಹಿಸಿದರೂ ಸಾಕು. ಮುಲುಂಡ್ ಪಶ್ಚಿಮದ ಅಂಚಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ. ಅಲ್ಲಿನ ಚಿರತೆಗಳು ನಾಯಿಗಳನ್ನು ಹಿಡಿಯುತ್ತವೆ, ಆದ್ದರಿಂದ ಕತ್ತಲಾದ ಮೇಲೆ ಆ ಕಡೆ ಹೋಗುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇರೆಯೇ ಲೋಕ. ನಿಂತ ನೀರಿನಲ್ಲಿ ಇಲಿಯ ಮೂತ್ರ ಬೆರೆತು ಲೆಪ್ಟೊಸ್ಪೈರೋಸಿಸ್ ಹರಡುತ್ತದೆ, ಮನುಷ್ಯರಿಗೂ ಬರುತ್ತದೆ. ಲಸಿಕೆಯ ಎರಡು ಡೋಸು ಮೂರು ನಾಲ್ಕು ವಾರದ ಅಂತರದಲ್ಲಿ, ಮಳೆಗೆ ಮುಂಚೆ ಮುಗಿಯುವಂತೆ ಏಪ್ರಿಲ್‌ನಲ್ಲೇ ಶುರುಮಾಡುತ್ತೇನೆ, ಆಮೇಲೆ ವರ್ಷಕ್ಕೊಂದು. ಹೊರಗಿನಿಂದ ಬಂದ ಹದಿನಾರು ಪಾದಗಳ ಬೆರಳ ಸಂದನ್ನೂ ಹಳೆಯ ಕಾಟನ್ ಪಂಚೆಯ ತುಂಡಿನಿಂದ ಒರೆಸುವುದು, ಒದ್ದೆ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಉಣ್ಣೆ ನಾಯಿಯ ಮೈಮೇಲಷ್ಟೇ ಇರುವುದಿಲ್ಲ. ಗೋಡೆ ಹತ್ತಿ, ಸ್ವಿಚ್‌ಬೋರ್ಡಿನ ಸಂದು, ಸ್ಕರ್ಟಿಂಗ್ ಟೈಲಿನ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ನಾಯಿಗೆ ಔಷಧ ಕೊಟ್ಟರೆ ಸಾಲದು, ನಾಲ್ಕಕ್ಕೂ ಒಂದೇ ದಿನ ಕೊಡಬೇಕು, ಹಾಸಿಗೆ ಬಿಸಿನೀರಲ್ಲಿ ಒಗೆಯಬೇಕು. ಮಂಕು, ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆಜ್ವರದ ಪರೀಕ್ಷೆ ಆಗಲೇಬೇಕು. ಥರ್ಮಾಮೀಟರಿನಲ್ಲಿ 102.5 ಫ್ಯಾರನ್‌ಹೀಟ್‌ವರೆಗೆ ನಾಯಿಗೆ ಜ್ವರವಲ್ಲ. ಉಣ್ಣೆ ಹರಡುವ ಎರ್ಲಿಕಿಯಾ ಸೋಂಕು ಎಂದು ತಿಳಿದರೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ 28 ದಿನ. ನಾಲ್ಕನೇ ದಿನಕ್ಕೇ ನಾಯಿ ಚುರುಕಾಗುತ್ತದೆ, ಅಲ್ಲಿಗೇ ನಿಲ್ಲಿಸುವವರು ಬಹಳ. ನಿಲ್ಲಿಸಬೇಡಿ. ಜಂತುಮಾತ್ರೆ ಹತ್ತು ಕೆಜಿಗೊಂದು ಎಂದು ಬರೆದಿದ್ದರೆ ಮೂರು ಕೆಜಿಗೆ ಮೂರನೇ ಒಂದು ಭಾಗ, ಕಣ್ಣಂದಾಜಿಗೆ ಅರ್ಧ ಅಲ್ಲ. ತಾರೀಖುಗಳನ್ನೆಲ್ಲ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದಿರುತ್ತದೆ.

ಗೇಟು ಯಾವಾಗ ತೆಗೆಯಬೇಕು ಎನ್ನುವುದಕ್ಕೆ ನಾನು ದಿನ ಎಣಿಸುವುದಿಲ್ಲ, ನಿದ್ದೆ ನೋಡುತ್ತೇನೆ. ಮೊದಲ ವಾರಗಳಲ್ಲಿ ನಾಯಿ ಬೆನ್ನನ್ನು ಗೋಡೆಗೆ ಕೊಟ್ಟು, ಕಾಲು ಮೈಯಡಿಗೆ ಮಡಚಿ, ಗದ್ದ ನೆಲಕ್ಕೂರಿ ಮಲಗುತ್ತದೆ. ಫ್ಯಾನಿನ ಸ್ವಿಚ್ ಹಾಕಿದರೂ ಕಣ್ಣು ತೆರೆಯುತ್ತದೆ. ಒಂದು ಮಧ್ಯಾಹ್ನ ಕೋಣೆಯ ನಟ್ಟನಡುವೆ, ಮಗ್ಗುಲಾಗಿ, ನಾಲ್ಕೂ ಕಾಲು ಚೆಲ್ಲಿ, ಹೊಟ್ಟೆ ತೋರಿಸಿ ಮಲಗಿರುತ್ತದೆ, ಪಕ್ಕದಲ್ಲಿ ದಾಟಿ ಹೋದರೂ ಬಾಲದ ತುದಿಯಷ್ಟೇ ಅಲ್ಲಾಡುತ್ತದೆ. ಬಟ್ಟಲಿನಲ್ಲಿ ನಾಲ್ಕು ಕಾಳು ಬಿಟ್ಟು ನೀರು ಕುಡಿದು ಬಂದು ಮತ್ತೆ ತಿನ್ನತೊಡಗುತ್ತದೆ. ಇವೆರಡೂ ಒಂದು ವಾರ ಬಿಡದೆ ಕಂಡರೆ ಗೇಟಿನ ಸ್ಕ್ರೂ ಬಿಚ್ಚುತ್ತೇನೆ. ಬಟ್ಟಲುಗಳು ಮಾತ್ರ ಅವವೇ ಮೂಲೆಗಳಲ್ಲಿ ಇರುತ್ತವೆ.