ಅಕ್ಕನ ಪೇಜ್‌ಮೇಕರ್ ಫೈಲಿಗಾಗಿ ವಿಂಡೋಸ್ 98

ಮಂಡ್ಯದಲ್ಲಿ ನಮ್ಮಕ್ಕ ಡಿಟಿಪಿ ಅಂಗಡಿ ಇಟ್ಟಿದ್ದಳು. ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. 2003ರಲ್ಲಿ ಅದೇ ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡಪ್ಪನ ಪುಸ್ತಕವನ್ನೂ ಟೈಪ್ ಮಾಡಿದಳು. ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಊರೂರು ತಿರುಗಿ ಹೆಂಗಸರ ಬಾಯಿಂದ ಸೋಬಾನೆ ಪದ ಕೇಳಿ ಬರೆದುಕೊಂಡಿದ್ದರು. ದುಡ್ಡು ಹೊಂದದೆ ಪುಸ್ತಕ ಅಚ್ಚಾಗಲಿಲ್ಲ. ಆಮೇಲೆ ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ದೊಡ್ಡಪ್ಪನೂ ಹೋದರು. ಉಳಿದಿದ್ದು ಒಂದೇ ಒಂದು ಸಿಡಿ. ಅದರ ಮೇಲೆ ಮಾರ್ಕರ್‌ನಲ್ಲಿ ಅಕ್ಕನ ಅಕ್ಷರ: ‘ದೊಡ್ಡಪ್ಪ, ಪದ, ಫೈನಲ್’.

ಹೋದ ವರ್ಷ ಅಕ್ಕ ಆ ಸಿಡಿಯನ್ನು ಮೈಸೂರಿಗೆ ತಂದು ನನ್ನ ಕೈಗೆ ಕೊಟ್ಟಳು. ಜೊತೆಗೆ ಅಂಗಡಿಯ ವಿಂಡೋಸ್ 98 ಸಿಡಿ, ಪುಟ ಜೋಡಿಸುವ ಪೇಜ್‌ಮೇಕರ್ 6.5 ಸಿಡಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಸಿಡಿ, ಕೀ ಬರೆದಿಟ್ಟ ಚೀಟಿ. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು. ಆ ಡಬ್ಬಿ ಇಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ಮೊದಲು ಮಾಡಿದ ಕೆಲಸ ಸಿಡಿಯ ಇಮೇಜ್, ಅಂದರೆ ಇಡೀ ಸಿಡಿಯ ಪಡಿಯಚ್ಚನ್ನು ಒಂದೇ ಫೈಲಾಗಿ, ತೆಗೆದಿದ್ದು. ಇಪ್ಪತ್ತು ವರ್ಷದ ಸಿಡಿಯನ್ನು ಸುಮ್ನೆ ಕಾಪಿ ಮಾಡಲು ಹೋಗಬೇಡಿ. ಒಂದು ಕಡೆ ಓದಲಾಗದಿದ್ದರೆ ಕಾಪಿ ಅಲ್ಲೇ ನಿಂತುಬಿಡುತ್ತದೆ. ನಾನು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿದೆ. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಬಾರದ ಜಾಗಗಳನ್ನು ಗುರುತು ಹಾಕಿಟ್ಟು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೊರ ಅಂಚಿನಲ್ಲಿ ಸ್ವಲ್ಪ ಹಾಳಾಗಿತ್ತು. ಪುಣ್ಯಕ್ಕೆ ಅಲ್ಲಿ ಪದಗಳ ಫೈಲ್ ಇರಲಿಲ್ಲ.

ಫೈಲ್ ಸಿಕ್ಕಿತು. ಆದರೆ ತೆರೆಯುವುದು ಹೇಗೆ? ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಲ್ಲಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ. ಆ ಕಾಲದ ಕನ್ನಡ ಹೀಗೇ ಇರುತ್ತಿತ್ತು. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ವಿಂಡೋಸ್‌ಗೆ ಕನ್ನಡ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ, ಆಮೇಲೂ ಎಷ್ಟೋ ವರ್ಷ, ಡಿಟಿಪಿ ಅಂಗಡಿಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದಿದ್ದರೆ ಕಂಪ್ಯೂಟರಿಗೆ ಮೊದಲು ಕಾಣುವುದು ದೊಡ್ಡ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ. ಪಿ ಮನೆಯಲ್ಲಿ ‘ಕ’ದ ಮೈ ಇದೆ, ಗೀಟಿನ ಎ ಮನೆಯಲ್ಲಿ ತಲೆಕಟ್ಟು. ಎರಡೂ ಸೇರಿದರೆ ‘ಕ’. ಪೌಂಡ್ ಚಿಹ್ನೆಯ ಮನೆಯಲ್ಲಿ ‘ನ’ದ ಮೈ. ಆ ಫಾಂಟ್ ಇಲ್ಲದಿದ್ದರೆ ಕನ್ನಡವೇ ಇಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು 64 ಬಿಟ್ ವಿಂಡೋಸ್. ಅದು 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಅಂಗಡಿಯ ಪೇಜ್‌ಮೇಕರ್ ಸಿಡಿ ಹಾಕಿದರೆ ಇನ್‌ಸ್ಟಾಲರ್ ಏಳಲೇ ಇಲ್ಲ. ಫೈಲಿನಿಂದ ಬರೀ ಅಕ್ಷರ ಕಿತ್ತುಕೊಳ್ಳುವುದೂ ನನಗೆ ಬೇಕಿರಲಿಲ್ಲ. ಪದ ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿಗೇ ಸಾಲು ಮುರಿಯಬೇಕು ಎಂದು ದೊಡ್ಡಪ್ಪ ಅಕ್ಕನ ಪಕ್ಕ ಕೂತು ಮಾಡಿಸಿದ್ದರು. ಸೊಲ್ಲು ತಿರುಗಿ ಬರುವ ಕಡೆ ಸಾಲು ಒಳಕ್ಕೆ ಸರಿದಿತ್ತು. ಆ ಪುಟಗಳನ್ನು ಅವರು ನೋಡಿದ ಹಾಗೇ ನೋಡಬೇಕಿತ್ತು. ಅದಕ್ಕೆ ಆ ಅಂಗಡಿಯ ಕಂಪ್ಯೂಟರನ್ನೇ ಮತ್ತೆ ಕಟ್ಟಬೇಕಿತ್ತು.

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಯಂತ್ರ ಮಾಡಿದೆ. ರ್‍ಯಾಮ್ 256 ಎಂಬಿ, ಒಂದೇ ಪ್ರೊಸೆಸರ್, ಐಡಿಇ ಡಿಸ್ಕ್ 4 ಜಿಬಿ. ಲ್ಯಾಪ್‌ಟಾಪ್‌ನಲ್ಲಿ ಬೇಕಾದಷ್ಟು ಇದೆ ಎಂದು ರ್‍ಯಾಮ್ ಜಾಸ್ತಿ ಕೊಡಬೇಡಿ. 512 ಎಂಬಿ ದಾಟಿದರೆ ವಿಂಡೋಸ್ 98ರ ಡಿಸ್ಕ್ ಕ್ಯಾಷ್ ಮಿತಿಮೀರಿ ಜಾಗ ಹಿಡಿದು, ಡಾಸ್ ಕಿಟಕಿ ತೆರೆಯುವುದಕ್ಕೂ ಜಾಗ ಇಲ್ಲ ಅನ್ನುತ್ತದೆ. ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್‌ನಲ್ಲಿ ದೊಡ್ಡ ಡಿಸ್ಕ್ ಬೇಕೇ ಎಂದು ಕೇಳಿದಾಗ ವೈ ಒತ್ತಿದರೆ ದೊಡ್ಡ ಡಿಸ್ಕಿಗೆ ಒಗ್ಗುವ ಫ್ಯಾಟ್32 ವ್ಯವಸ್ಥೆ ಸಿಗುತ್ತದೆ. ಆಮೇಲೆ ಫಾರ್ಮ್ಯಾಟ್. ಸಿಡಿಯಲ್ಲಿರುವ ವಿನ್98 ಫೋಲ್ಡರನ್ನು ಪೂರ್ತಿ ಸಿ ಡ್ರೈವ್‌ಗೆ ಕಾಪಿ ಮಾಡಿ ಅಲ್ಲಿಂದಲೇ ಸೆಟಪ್ ಓಡಿಸಿ. ಮುಂದೆ ಯಾವ ಡ್ರೈವರ್ ಹಾಕಿದರೂ ಸಿಡಿ ಹಾಕು ಎಂದು ಕೇಳುವುದು ತಪ್ಪುತ್ತದೆ.

ಫೈಲ್ ಕಾಪಿ ಆಗಿ ಮೊದಲ ರೀಸ್ಟಾರ್ಟ್. ಅಲ್ಲಿ ಕೆಟ್ಟಿತು. ಒಂದು ಸಲ ವಿಂಡೋಸ್ ಪ್ರೊಟೆಕ್ಷನ್ ಎರರ್, ಇನ್ನೊಂದು ಸಲ ನೀಲಿ ಪರದೆ, ಮತ್ತೊಂದು ಸಲ ಸುಮ್ಮನೆ ನಿಂತೇಹೋಯಿತು. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಸಿಡಿಯದೇ ತಪ್ಪು ಎಂದುಕೊಂಡು ಎರಡು ರಾತ್ರಿ ಕಳೆದೆ. ರ್‍ಯಾಮ್ ಇಳಿಸಿದೆ, ಡಿಸ್ಕ್ ಬದಲಾಯಿಸಿದೆ. ಏನೂ ಆಗಲಿಲ್ಲ.

ತಪ್ಪು ಇದ್ದಿದ್ದು ಪ್ರೊಸೆಸರ್ ಮತ್ತು ವಿಂಡೋಸ್ 98ರ ನಡುವೆ. ಪ್ರೊಸೆಸರ್ ಒಳಗೆ ಟಿಎಲ್‌ಬಿ ಎಂಬ ಪುಟ್ಟ ನೆನಪಿನ ಪಟ್ಟಿ ಇರುತ್ತದೆ. ಯಾವ ಪ್ರೋಗ್ರಾಮಿನ ಯಾವ ಪುಟ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ ಅದರಲ್ಲಿರುತ್ತದೆ. ಪುಟ ಜಾಗ ಬದಲಾಯಿಸಿದಾಗ ಹಳೆ ವಿಳಾಸ ಅಳಿಸು ಎಂದು ಆಪರೇಟಿಂಗ್ ಸಿಸ್ಟಮ್ ಹೇಳಬೇಕು. ವಿಂಡೋಸ್ 95, 98, ಎಂಇ ಮೂರೂ ಕೆಲವು ಕಡೆ ಅದನ್ನು ಸರಿಯಾಗಿ ಹೇಳುವುದಿಲ್ಲ. ಹಳೆ ಪ್ರೊಸೆಸರ್‌ಗಳಲ್ಲಿ ಹೇಗೋ ನಡೆದುಹೋಗುತ್ತಿತ್ತು. ಹೊಸವು ಹಳೆ ವಿಳಾಸವನ್ನೇ ಹಿಡಿದುಕೊಂಡಿರುತ್ತವೆ. ನಾವು ಗುತ್ತಲು ರಸ್ತೆಯ ಮನೆ ಬಿಟ್ಟ ಮೇಲೂ ಪೋಸ್ಟ್‌ಮ್ಯಾನ್ ಅಲ್ಲಿಗೇ ಹೋಗಿ ಬೇರೆಯವರ ಕೈಗೆ ಕಾಗದ ಕೊಟ್ಟುಬರುತ್ತಿದ್ದರಲ್ಲ, ಹಾಗೆ. ಎಎಂಡಿಯ ಝೆನ್ 2 ಮತ್ತು ಅದರ ನಂತರದವು, ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನವು, ಇವುಗಳಲ್ಲಿ ಈ ತೊಂದರೆ ಬರುತ್ತದೆ. ನನ್ನದು ರೈಝನ್. ಹಿಂದೆ ವರ್ಚುವಲ್‌ಬಾಕ್ಸ್‌ನಲ್ಲಿ ಹಾರ್ಡ್‌ವೇರ್ ವರ್ಚುವಲೈಸೇಷನ್ (ಒಳಗಿನ ಯಂತ್ರದ ಕೆಲಸವನ್ನು ನೇರ ಪ್ರೊಸೆಸರಿಗೇ ಒಪ್ಪಿಸುವುದು) ಆಫ್ ಮಾಡಿ ಓಡಿಸುವ ದಾರಿ ಇತ್ತು. 2019ರ ಕೊನೆಗೆ ಬಂದ 6.1ರಲ್ಲಿ ಅದನ್ನು ತೆಗೆದುಬಿಟ್ಟರು.

ಇದಕ್ಕೆ ಪ್ಯಾಚರ್9ಎಕ್ಸ್ ಎಂಬ ಉಚಿತ ಉಪಕರಣ ಇದೆ. ಅದರ ಫ್ಲಾಪಿ ಇಮೇಜನ್ನು ಯಂತ್ರಕ್ಕೆ ಹಾಕಿ, ಅದರಿಂದ ಬೂಟ್ ಮಾಡಿ, ಪ್ಯಾಚ್ ಓಡಿಸಿದೆ. ಅದು ವಿಂಡೋಸಿನ ತಿರುಳಾದ ವಿಎಂಎಂ32 ಫೈಲನ್ನು ತಿದ್ದುತ್ತದೆ. ಸೆಟಪ್ ಫೈಲ್ ಕಾಪಿ ಮುಗಿಸಿದ ಮೇಲೆ, ಮೊದಲ ಸಲ ವಿಂಡೋಸ್ ಏಳುವ ಮುಂಚೆ ಇದನ್ನು ಮಾಡಬೇಕು. ಮಾಡಿದೆ. ಫ್ಲಾಪಿ ತೆಗೆದು ರೀಸ್ಟಾರ್ಟ್ ಕೊಟ್ಟೆ. ಮೋಡದ ಚಿತ್ರ ಬಂತು, ಕೆಳಗೆ ನೀಲಿ ಪಟ್ಟಿ ಓಡಿತು. ಒಂದು ಸಲವೂ ತಡವರಿಸದೆ ಡೆಸ್ಕ್‌ಟಾಪ್‌ವರೆಗೆ ಬಂತು. ರಾತ್ರಿ ಒಂದೂವರೆ. ಎಷ್ಟು ಖುಷಿಯಾಯಿತು ಎಂದರೆ ಆಗಲೇ ಅಕ್ಕನಿಗೆ ಫೋಟೋ ಕಳಿಸಿದೆ.

ಪರದೆ 16 ಬಣ್ಣದಲ್ಲೇ ಇತ್ತು. ವಿಂಡೋಸ್ 98ಕ್ಕೆ ವರ್ಚುವಲ್‌ಬಾಕ್ಸ್‌ನವರ ಗೆಸ್ಟ್ ಅಡಿಷನ್ಸ್ ಎಂಬ ಡ್ರೈವರ್‌ಗಳ ಕಟ್ಟು ಇಲ್ಲ. ವಿಬಿಇಎಂಪಿ ಎಂಬ ಡಿಸ್‌ಪ್ಲೇ ಡ್ರೈವರ್ ಹಾಕಿದ ಮೇಲೆ ಸರಿಹೋಯಿತು. ನೆಟ್‌ವರ್ಕ್ ಕೊಡಲಿಲ್ಲ. 2006ರ ಜುಲೈಗೇ ಭದ್ರತಾ ಅಪ್‌ಡೇಟ್ ನಿಂತಿರುವ ಯಂತ್ರವನ್ನು ಇಂಟರ್‌ನೆಟ್‌ಗೆ ಬಿಡಬಾರದು. ಫೈಲ್ ಒಳಗೆ ಕಳಿಸಲು ಐಎಸ್‌ಒ, ಅಂದರೆ ಸಿಡಿ ಇಮೇಜ್, ಮಾಡಿ ಸಿಡಿಯ ಹಾಗೆ ಹಾಕಿದೆ. ಹೊರಗೆ ತರಲು ಯಂತ್ರ ಆಫ್ ಮಾಡಿ, ಅದರ ಡಿಸ್ಕ್ ಫೈಲನ್ನು 7-ಜಿಪ್‌ನಲ್ಲಿ ತೆರೆದೆ.

ನುಡಿ ಮೊದಲು, ಪೇಜ್‌ಮೇಕರ್ ಆಮೇಲೆ. ಫಾಂಟ್ ಇಲ್ಲದೆ ಫೈಲ್ ತೆರೆದರೆ ಬೇರೆ ಫಾಂಟ್ ಕೊಡಲೇ ಎಂದು ಪೇಜ್‌ಮೇಕರ್ ಕೇಳುತ್ತದೆ. ಅಲ್ಲಿ ಒಪ್ಪಿಕೊಂಡು ಸೇವ್ ಮಾಡಿದರೆ ಕೆಲಸ ಕೆಟ್ಟಿತು. ಫಾಂಟ್ ಇದ್ದಿದ್ದರಿಂದ ನನಗೆ ಆ ಪ್ರಶ್ನೆ ಬರಲೇ ಇಲ್ಲ. ನೇರವಾಗಿ ಮೊದಲ ಪುಟ. ಎರಡು ಕಾಲಂ, ಮಧ್ಯೆ ತೆಳು ಗೀಟು, ಒಳಕ್ಕೆ ಸರಿದ ಸೊಲ್ಲು. ಕೆಳಗೆ ಹಾಡಿದವರ ಹೆಸರು, ಊರು.

ಪುಟಗಳನ್ನು ಪಿಡಿಎಫ್ ಮಾಡಲು ವಿಂಡೋಸ್ 98ರಲ್ಲಿ ಆಪಲ್ ಲೇಸರ್‌ರೈಟರ್ ಪ್ರಿಂಟರ್ ಸೇರಿಸಿ, ಪೋರ್ಟ್ ಕೇಳಿದಾಗ ‘ಫೈಲ್’ ಎಂದು ಆರಿಸಿದೆ. ಆಗ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್‌ನ ಫೈಲ್ ಸಿಗುತ್ತದೆ. ಅದನ್ನು ಹೊರಗೆ ತಂದು ಘೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಂನಲ್ಲಿ ಪಿಡಿಎಫ್ ಮಾಡಿದೆ. ಪಠ್ಯವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ಯೂನಿಕೋಡ್‌ಗೂ ಬದಲಾಯಿಸಿದೆ. ಅಲ್ಲಿ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕಾಯಿತು. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಕೆಲವು ಕಡೆ ಅದಲುಬದಲಾಗಿತ್ತು.

ಆ ಭಾನುವಾರ ಅಕ್ಕ ಬಂದಳು. ಕುರ್ಚಿ ಎಳೆದುಕೊಂಡು ಕೂತವಳು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಅವಳ ಬೆರಳು ಕೀಬೋರ್ಡಿನ ಬಲಮೇಲಕ್ಕೆ ಹೋಯಿತು.

“ಲೋ, ಸ್ಕ್ರೋಲ್ ಲಾಕ್ ಎಲ್ಲೋ?”

ನುಡಿಯಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗುವುದು ಆ ಕೀಲಿಯಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲ. ವರ್ಚುವಲ್‌ಬಾಕ್ಸ್‌ನ ಪರದೆ ಮೇಲಿನ ಕೀಬೋರ್ಡಿನಿಂದ ಒತ್ತಬಹುದು. ಆದರೆ ಅಕ್ಕನಿಗೆ ಅದು ಕೈಗೆ ಬರಲಿಲ್ಲ. ಪಕ್ಕದ ಮನೆಯಿಂದ ಹಳೆ ಯುಎಸ್‌ಬಿ ಕೀಬೋರ್ಡ್ ತಂದುಕೊಟ್ಟೆ. ಒತ್ತಿದಳು. ಎನ್, ಎಫ್, ಎನ್ ಎಂದು ‘ನ್ನ’ ಮೂಡಿಸಿ ನೋಡಿದಳು. ನುಡಿಯಲ್ಲಿರುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅವಳ ಬೆರಳಲ್ಲಿ ಹಾಗೇ ಇತ್ತು.

ಆಮೇಲೆ ಪುಟ ತಿರುವುತ್ತಾ ಒಂದು ಕಡೆ ನಿಂತಳು.

“ಇಲ್ಲಿ ನಾನು ತಿದ್ದಿಬಿಟ್ಟಿದ್ದೆ ಕಣೋ. ದೊಡ್ಡಪ್ಪ ‘ಆಲು’ ಅಂತ ಬರೆದಿದ್ರು. ತಪ್ಪು ಅಂದ್ಕೊಂಡು ‘ಹಾಲು’ ಮಾಡ್ದೆ. ಪ್ರೂಫ್ ನೋಡಿ, ‘ಹೆಂಗಸರು ಹಾಡ್ದಂಗೇ ಇರ್ಲಿ ಮಗಾ’ ಅಂದ್ರು. ಮಾಡ್ತೀನಿ ಅಂದೆ. ಮಾಡ್ಲೇ ಇಲ್ಲ.”

“ಎಲ್ಲಾ ಕಡೆ ಒಂದೇ ಸಲ ಬದಲಾಯಿಸೋಣವಾ ಅಕ್ಕ?”

“ಬೇಡ. ಟಿಪ್ಪಣಿಲಿ ಹಾಲು ಹಾಲೇ ಇರ್ಬೇಕು. ಪದದಲ್ಲಿ ಮಾತ್ರ ಆಲು.”

ನುಡಿಯಲ್ಲಿ ‘ಹಾಲು’ ಬರೆಯಲು ಎಚ್ ಒತ್ತಿ ಆಮೇಲೆ ದೊಡ್ಡ ಎ. ‘ಆಲು’ ಬರೆಯಲು ಬರೀ ದೊಡ್ಡ ಎ. ಅಕ್ಕ ಪ್ರತಿ ಸಾಲನ್ನೂ ಮೆಲ್ಲಗೆ ಹಾಡಿಕೊಂಡು ನೋಡಿದಳು. ಹೂವ ಇದ್ದ ಕಡೆ ಊವ ಮಾಡಿದಳು, ಹಸೆ ಇದ್ದ ಕಡೆ ಅಸೆ. ಊಟಕ್ಕೆ ಎದ್ದಾಗ ಹದಿನೇಳು ಪುಟ ಆಗಿತ್ತು.