ಹರಿವೆ ಪಲ್ಯ ಮತ್ತು 58

ಬದಿಯಡ್ಕ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಉಸಿರಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಶ್ವಾಸನಾಳದ ಉರಿಯೂತ ತಿಳಿಯಲು ಹೊರಬಿಡುವ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಎಂದು ಅಳೆಯುವ ಫೀನೋ ಯಂತ್ರ ಬಂದ ಮೇಲೆ ಊದಿಸುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

ಸ್ಪೈರೋಮೆಟ್ರಿಯಲ್ಲಿ, ಅಂದರೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಪರೀಕ್ಷೆಯಲ್ಲಿ, 'ಜೋರಾಗಿ, ಇನ್ನೂ ಜೋರಾಗಿ' ಎಂದು ಬೊಬ್ಬೆ ಹಾಕುತ್ತೇನೆ. ಇಲ್ಲಿ ಅದರ ಉಲ್ಟಾ. ಗಾಳಿ ಪೂರ್ತಿ ಬಿಟ್ಟು, ಯಂತ್ರದಿಂದಲೇ ಎದೆ ತುಂಬ ಎಳೆದು, 10 ಸೆಕೆಂಡ್ ಒಂದೇ ಸಮ ಊದಬೇಕು. ಸೆಕೆಂಡಿಗೆ 50 ಮಿಲಿ ಲೀಟರ್, ಅಷ್ಟೇ. ಜೋರು ಮಾಡಿದರೆ ಅಂಕೆ ಇಳಿಯುತ್ತದೆ. ಮೂಗಿಗೆ ಕ್ಲಿಪ್ ಇಲ್ಲ. ಮೂಗಿನಲ್ಲಿ ಈ ಅನಿಲ ತುಂಬಾ ಜಾಸ್ತಿ, ಆದರೆ ಯಂತ್ರದ ತಡೆಗೆ ಎದುರಾಗಿ ಊದುವಾಗ ಗಂಟಲಿನಿಂದ ಮೂಗಿಗೆ ಹೋಗುವ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ತುಳುವಿನವರಿಗೆ 'ಮೆಲ್ಲ', ಮಲಯಾಳದವರಿಗೆ 'ಪದುಕ್ಕೆ' ಎನ್ನುತ್ತೇನೆ. ಬಚ್ಚಲೊಲೆ ಊದಿ ಅಭ್ಯಾಸವಾದ ಹೆಂಗಸರಿಗೆ ಈ ಮೆಲ್ಲವೇ ಕಷ್ಟ.

ಅಡಿಕೆ ಸುಲಿಯುವ ಕೆಲಸದ ಒಬ್ಬರು ಅಕ್ಕ, ಹಳೇ ಅಸ್ತಮಾ. ಮಧ್ಯಾಹ್ನ ಊದಿದರು, 58 ಬಂತು, ಅಂದರೆ ನೂರು ಕೋಟಿ ಪಾಲು ಗಾಳಿಯಲ್ಲಿ 58 ಪಾಲು ಈ ಅನಿಲ. ದೊಡ್ಡವರಲ್ಲಿ 25ರ ಕೆಳಗಿದ್ದರೆ ಕಡಿಮೆ, 50 ದಾಟಿದರೆ ಜಾಸ್ತಿ. ಇನ್‌ಹೇಲರ್ ಬಿಟ್ಟಿದ್ದಾರೆ ಎಂದುಕೊಂಡು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಇಲ್ಲ ಮೇಡಂ, ದಿನಾ ಎರಡು ಹೊತ್ತೂ ಎಳೀತೇನೆ."

ಆಗ ಅವರ ಕೈ ನೋಡಿದೆ. ಉಗುರಿನ ಸಂದೆಲ್ಲ ಕೆಂಪು. ಊಟಕ್ಕೆ ಬೀಟ್‌ರೂಟ್, ಜೊತೆಗೆ ಹರಿವೆ ಪಲ್ಯ! ಎರಡರಲ್ಲೂ ನೈಟ್ರೇಟ್ ಜಾಸ್ತಿ, ತಿಂದ ಮೇಲೆ ಅಂಕೆ ಏರುತ್ತದೆ. ಮೊದಲೇ ಕೇಳದಿದ್ದದ್ದು ನನ್ನ ತಪ್ಪು. ಇನ್ನೊಂದು ದಿನ ಬೆಳಿಗ್ಗೆ, ಸೊಪ್ಪು ತಿನ್ನದೆ ಬಂದಾಗ 38. ಮಧ್ಯದ ಅಂಕೆ. ಔಷಧಿ ಹೆಚ್ಚಿಸಬೇಕಾ ಎಂದು ಡಾಕ್ಟರು ಅವರ ಕೆಮ್ಮು, ಉಬ್ಬಸ ಎಲ್ಲ ಕೇಳಿಯೇ ತೀರ್ಮಾನಿಸಿದರು. ಈಗ ನಾನು ಹೆಸರು ಬರೆಯುವ ಮೊದಲು ಊಟಕ್ಕೆ ಪದಾರ್ಥ ಏನು ಎಂದು ಕೇಳುತ್ತೇನೆ.

ಕಳೆದ ವಾರ ಬಂದ ಅಜ್ಜನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಟ್ಟಿಕೊಂಡೇ ಇರುವ ದೀರ್ಘಕಾಲದ ಕಾಯಿಲೆ. ನಲವತ್ತು ವರ್ಷ ಬೀಡಿ ಎಳೆದವರು, ಇನ್ನೂ ಬಿಟ್ಟಿಲ್ಲ. ಎರಡು ಸಲ ಅರ್ಧದಲ್ಲೇ ಕೆಮ್ಮಿದರು. ಮೂರನೆಯದರಲ್ಲಿ 9 ಬಂತು.

"ಒಂಬತ್ತೇ ಅಲ್ವಾ? ಹಾಗಾದರೆ ಅಪ್ಪನಿಗೆ ಎಂತದೂ ಇಲ್ಲ" ಎಂದ ಮಗ.

ಹಾಗಲ್ಲ. ಈ ಯಂತ್ರಕ್ಕೆ ಗೊತ್ತಾಗುವುದು ಒಂದೇ ಬಗೆಯ ಉರಿಯೂತ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಜಾಸ್ತಿಯಾಗಿ ಬರುವಂಥದ್ದು, ಸ್ಟೀರಾಯ್ಡ್ ಇನ್‌ಹೇಲರಿಗೆ ಸಾಮಾನ್ಯವಾಗಿ ಬಗ್ಗುವಂಥದ್ದು. ಬೇರೆ ಬಗೆಯದು ಇದ್ದರೂ ಯಂತ್ರ ಸುಮ್ನೆ ಇರುತ್ತದೆ. ಸಾಲದ್ದಕ್ಕೆ ಬೀಡಿ ಅಂಕೆಯನ್ನೇ ಇಳಿಸುತ್ತದೆ. ಶ್ವಾಸನಾಳ ಎಷ್ಟು ಕಟ್ಟಿದೆ ಎಂದು ತಿಳಿಯಲು ಸ್ಪೈರೋಮೆಟ್ರಿಯೇ ಬೇಕು. ಅದನ್ನು ನಾವು ಕೊನೆಗೆ ಇಡುತ್ತೇವೆ, ಮೊದಲೇ ಜೋರಾಗಿ ಊದಿಸಿದರೆ ಫೀನೋ ಅಂಕೆ ಕೆಡುತ್ತದೆ.

ಅಜ್ಜ ಪಕ್ಕದ ಕುರ್ಚಿಗೆ ಸರಿದು ಕೊಳವೆ ಕೈಗೆ ತೆಗೆದುಕೊಂಡರು.

"ಇದಕ್ಕೆ ಜೋರು ಊದಬಹುದಲ್ಲ ಮಗಾ?"